ಉಟ್ಟಾಕಿ ಅದಾಳೇನು?

ಹಳೆಯ ಸೀರೆಯೊಂದನ್ನು ಯಾರಾದರೂ ತಂದು ಮುಂದಿಟ್ಟರೆ ಕಲ್ಲವ್ವ ಅದರ ಬಣ್ಣ ನೋಡುವುದಿಲ್ಲ, ಅಂಚು ನೋಡುವುದಿಲ್ಲ, ಎಲ್ಲಿ ಹರಿದಿದೆ, ಎಲ್ಲಿ ಕಲೆ ಹಿಡಿದಿದೆ ಎಂದು ಬಿಚ್ಚಿ ಹರವುವುದೂ ಇಲ್ಲ; ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸೀರೆಯ ಗಾಳಿಯೂ ತನಗೆ ಸೋಕದಷ್ಟು ದೂರ ನಿಂತು, ತಂದವರ ಮುಖವನ್ನೇ ದಿಟ್ಟಿಸುತ್ತ ಮೊದಲು ಒಂದು ಪ್ರಶ್ನೆ ಕೇಳುತ್ತಾಳೆ: “ಉಟ್ಟಾಕಿ ಅದಾಳೇನು?” ಮರಾಠಿಯವರಾದರೆ ಮರಾಠಿಯಲ್ಲಿ, ಹಿಂದಿಯವರಾದರೆ ಹಿಂದಿಯಲ್ಲಿ, ಆದರೆ ಪ್ರಶ್ನೆ ಅದೇ. ಉಟ್ಟವಳು ಬದುಕಿದ್ದಾಳೆ, ಉಂಡುಟ್ಟು ಸುಖವಾಗಿದ್ದಾಳೆ ಎಂಬ ಉತ್ತರ ತಡವರಿಸದೆ ಬಂದರೆ ಮಾತ್ರ ಆ ಕೈ ಮುಂದೆ ಬರುತ್ತದೆ. ಉತ್ತರ ಹೇಳುವವರು ಒಂದು ಉಸಿರು ತಡೆದರೂ ಸಾಕು, ಅವರಿಗೆ ಚಹಾ ಕೊಟ್ಟು, ಮನೆಮಂದಿಯ ಕ್ಷೇಮ ವಿಚಾರಿಸಿ, ಸೀರೆಯನ್ನು ಅವರ ಚೀಲದಲ್ಲೇ ವಾಪಸು ಕಳಿಸುತ್ತಾಳೆ.

ಇದು ಹುಚ್ಚಲ್ಲ, ಆಕೆಯ ಉದ್ಯೋಗದ ಮೂಲಸೂತ್ರ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ತುಂಬು ಬಾಳು ಬಾಳುತ್ತಿರುವ ಹಿರಿಯಳೊಬ್ಬಳು ಉಟ್ಟು ಒಗೆದು ಮೆತ್ತಗಾಗಿಸಿದ ನೂಲಿನ ಸೀರೆಯನ್ನು ಕತ್ತರಿಸಿ ಹೊಲಿದ ಅಂಗಿಯನ್ನೇ ಹಾಕಬೇಕು, ಉಟ್ಟವಳ ಆಯುಷ್ಯ ಕೂಸಿಗೆ ಹತ್ತಲಿ ಎಂಬುದು ನಮ್ಮ ಕಡೆಯ ರೂಢಿ. ಹಳೆ ಸೀರೆಯೇ ಇಲ್ಲದ ಮನೆಗಳು ಹೆಚ್ಚಾದ ಈ ಕಾಲದಲ್ಲಿ ಕಲ್ಲವ್ವ ನಾಗಪುರದ ಗಾಂಧಿಬಾಗಿನ ಒಂದು ಮಾಳಿಗೆಯ ಮೇಲೆ, ನಾಲ್ವರು ಹೆಂಗಸರನ್ನು ಕೂರಿಸಿಕೊಂಡು, ಅಂಥ ಅಂಗಿ, ಕುಲಾವಿ, ಕುಂಚಿಗೆಗಳನ್ನು ಹೊಲಿದು ಮಾರುತ್ತಾಳೆ. ಸತ್ತವರ ಬಟ್ಟೆ ಎಳೆಗೂಸಿನ ಮೈಗೆ ತಾಗಬಾರದು ಎಂಬುದು ಅದೇ ರೂಢಿಯ ಇನ್ನೊಂದು ಮಗ್ಗುಲು. ಆ ಮಗ್ಗುಲಿನ ಕಡೆಗೆ ಆಕೆ ಕನಸಿನಲ್ಲಿಯೂ ಹೊರಳಲು ಅಂಜುತ್ತಿದ್ದಳು.

ಅಂಜಿಕೆಯ ಮಾತು ಬಂದಿತಲ್ಲ, ಹೇಳಿಯೇ ಬಿಡುತ್ತೇನೆ: ಇಷ್ಟು ಶ್ರದ್ಧೆಯಿಂದ ಹೆದರುವ ಇನ್ನೊಂದು ಜೀವವನ್ನು ನಾನು ಕಂಡಿಲ್ಲ. ಗುಳೇದಗುಡ್ಡದಿಂದ ಲಗ್ನವಾಗಿ ಈ ಊರಿಗೆ ಬಂದು ನಲವತ್ತು ವರ್ಷ ಕಳೆದರೂ ರಸ್ತೆ ದಾಟುವಾಗ ಪಕ್ಕದವರ ಅಂಗಿಯ ತೋಳು ಹಿಡಿಯುತ್ತಾಳೆ, ಪಕ್ಕದವರು ಪರಿಚಿತರಾಗಿರಲಿ ಬಿಡಲಿ. ಲಿಫ್ಟಿಗೆ ಹೆದರಿಕೆ, ಕುಕ್ಕರಿಗೆ ಹೆದರಿಕೆ, ಫೋನು ಎರಡು ಸಲ ಬೆನ್ನುಬೆನ್ನಿಗೆ ರಿಂಗಾದರೆ ಹೆದರಿಕೆ. ಗಲ್ಲಿಯಲ್ಲಿ ನಡೆಯುವಾಗ ಒಂದು ಅಂಗೈಯನ್ನು ಗೋಡೆಗೆ ತಾಗಿಸಿಕೊಂಡೇ ನಡೆಯುತ್ತಾಳಾದ್ದರಿಂದ ಆಕೆಯ ಬಲಗೈ ಸದಾ ಸುಣ್ಣ. ಇಪ್ಪತ್ತೆರಡು ಸೂಜಿಗಳು ಬೆಳಿಗ್ಗೆ ಅವನ್ನು ಚುಚ್ಚಿಡುವ ಪುಟ್ಟ ಗಾದಿಯಿಂದ ಹೊರಬಂದರೆ ಸಂಜೆ ಇಪ್ಪತ್ತೆರಡೂ ಗಾದಿಗೆ ಮರಳಬೇಕು; ಒಮ್ಮೆ ಒಂದು ಕಡಿಮೆಯಾಗಿ, ಸಿದ್ಧವಾಗಿದ್ದ ಅಷ್ಟೂ ಅಂಗಿಗಳನ್ನು ಬಿಚ್ಚಿ, ಅಯಸ್ಕಾಂತ ಆಡಿಸಿ, ಅತ್ತು ಕರೆದು, ಕೊನೆಗೆ ಅದು ಆಕೆಯದೇ ಸೆರಗಿನಲ್ಲಿ ಸಿಕ್ಕಿತು. ಹೊಲಿಯುವಾಗ ಸೀರೆಯ ಮೇಲೆ ತೀರಿಹೋದ ಗಂಡ ರಾಮಲಿಂಗಪ್ಪನ ಕಂದು ಕೋಟು ತೊಡುತ್ತಾಳೆ; ಬಟ್ಟೆ ಅಂಗಡಿಯ ಗುಮಾಸ್ತನಾಗಿ ಆತ ಜೀವಮಾನವಿಡೀ ತೊಟ್ಟದ್ದು, ಮೊಣಕೈ ಸವೆದು ಜಾಳಾಗಿದೆ. ಸತ್ತವರ ಬಟ್ಟೆಯೆಂದರೆ ಮಾರು ದೂರ ಹಾರುವ ತಾಯಿ, ಇದೇನು ಮತ್ತೆ ಎಂದು ನಾನು ಚುಚ್ಚಿದರೆ, ದಾರ ಕಚ್ಚಿಕೊಂಡ ಬಾಯಲ್ಲೇ ಅಂದಳು: “ನನ್ನ ಹೆದರಿಕಿ ನನ್ನ ಸಲುವಾಗಿ ಅಲ್ಲರಿ, ಕಾಶೀನಾಥಣ್ಣಾರ.” ನಾನು ನಕ್ಕೆ. ಆಗ ನಗುವುದು ನನಗೆ ಬಲು ಸುಲಭವಾಗಿತ್ತು.

ನಾನು ವಿಜಯಪುರದ ಕಡೆಯವನು. ಸರ್ಕಾರಿ ನೌಕರಿಯ ದೆಸೆಯಿಂದ ಈ ಊರಿಗೆ ಬಂದವನು, ನಿವೃತ್ತಿಯಾದ ಮೇಲೂ ಇಲ್ಲೇ ಬೇರುಬಿಟ್ಟವನು. ಕನ್ನಡ ಸಂಘದ ಪಂಕ್ತಿಯೂಟದಲ್ಲಿ ನನ್ನ ಹೆಂಡತಿ ಜಯಾಳ ಪಕ್ಕ ಕುಳಿತು ಪರಿಚಯವಾದ ಕಲ್ಲವ್ವ, ಜಯಾ ಹೋದ ನಂತರವೂ ನಂಟು ಬಿಡದೆ, ವಾರಕ್ಕೊಮ್ಮೆ ನನ್ನನ್ನು ಕರೆಸಿ, ರೊಟ್ಟಿ ಬಡಿಸಿ, ಪ್ರತಿಯಾಗಿ ಕಾಗದಪತ್ರ ಬರೆಸಿಕೊಳ್ಳುತ್ತಿದ್ದಳು. ಆಕೆಯ ಮಗ ಉಮರೇಡಿನ ಕಲ್ಲಿದ್ದಲು ಗಣಿಯ ಕಚೇರಿಯಲ್ಲಿ, ಶನಿವಾರಕ್ಕೊಮ್ಮೆ ಬರುತ್ತಾನೆ. ಸೊಸೆ ದೀಪಾಲಿ ಈ ಊರಲ್ಲೇ ಹುಟ್ಟಿ ಬೆಳೆದವಳು, ಅತ್ತೆಯ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುವವಳು, ಚುರುಕು. ಅಂಗಿಗಳ ಚಿತ್ರ ತೆಗೆದು ಫೋನಿನಲ್ಲಿ ಊರೂರಿಗೆ ತೋರಿಸಿ ಗಿರಾಕಿ ತಂದದ್ದೆಲ್ಲ ಅವಳೇ.

ಸೀರೆ ತರುತ್ತಿದ್ದವಳು ಬೇಬಿ. ತಲೆಯ ಮೇಲೆ ಸ್ಟೀಲು ಪಾತ್ರೆಯ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ, ಹಳೆ ಬಟ್ಟೆ ಪಡೆದು ಪಾತ್ರೆ ಕೊಡುವ ಹೆಂಗಸು. ಪ್ರತಿ ಸೀರೆಗೂ ಅವಳ ಬಳಿ ಒಂದು ಕಥೆ ಸಿದ್ಧ: ಇದನ್ನು ಉಟ್ಟವರು ಶಾಲೆಯ ಶಿಕ್ಷಕಿ, ಮೊನ್ನೆ ತಾನೆ ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳ ಮಾಡಿದರು, ಇದು ಡಾಕ್ಟರ ತಾಯಿಯದು, ಈಗಲೂ ದಿನಾ ಬೆಳಿಗ್ಗೆ ತೋಟದ ಸುತ್ತ ನಡೆಯುತ್ತಾರೆ. ಕಲ್ಲವ್ವ ಕಣ್ಣರಳಿಸಿ ಕೇಳಿ, ಆಮೇಲೆ ಸೀರೆಯ ಒಂದು ತುದಿಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ಹಿಡಿಯುವಳು. ರೆಪ್ಪೆಗೆ ಒರಟಾದದ್ದು ಕೂಸಿನ ಕುತ್ತಿಗೆಗೂ ಒರಟು ಎಂಬುದು ಆಕೆಯ ಶಾಸ್ತ್ರ.

ಇಂತಿರಲು ಬೆಂಗಳೂರಿನಿಂದ ಗಗನ್ ಎಂಬ ತರುಣ ವ್ಯಾಪಾರಿಯ ಬೇಡಿಕೆ ಬಂತು. ಒಂದೇ ತಿಂಗಳಲ್ಲಿ ನಾನೂರು ಜೊತೆ. ಮುಂದೆ ತಿಂಗಳು ತಿಂಗಳೂ ಅಷ್ಟೇ. ಆದರೆ ಅವನದೊಂದು ಷರತ್ತು: ಬಟ್ಟೆ ಎಲ್ಲಿಂದ ಬಂತು, ಯಾರಿಂದ ಬಂತು, ಯಾರು ಹೊಲಿದರು, ಇದರಲ್ಲಿ ಯಾರಿಗೂ ಮೋಸವಾಗಿಲ್ಲ ತಾನೆ ಎಂದೆಲ್ಲ ಲಿಖಿತವಾಗಿ ತಿಳಿಸಬೇಕು, ಅವನ ಗಿರಾಕಿಗಳು ಅಂಥದನ್ನು ಓದಿಯೇ ಕೊಳ್ಳುವವರಂತೆ. ಕಲ್ಲವ್ವನಿಗೆ ಆನಂದವೋ ಆನಂದ. ತನ್ನಷ್ಟೇ ಪ್ರಶ್ನೆ ಕೇಳುವ ಮನುಷ್ಯನೊಬ್ಬ ಭೂಮಿಯ ಮೇಲಿದ್ದಾನಲ್ಲ! ದೀಪಾಲಿ ಗೆರೆ ಎಳೆದು ಒಂದು ವಹಿ ಮಾಡಿದಳು: ಕೊಟ್ಟವರ ಹೆಸರು, ವಯಸ್ಸು, ಬಡಾವಣೆ. ಕಲ್ಲವ್ವ ಹಟ ಹಿಡಿದು ನಾಲ್ಕನೆಯ ಅಂಕಣ ಎಳೆಸಿದಳು, ಇದ್ದಾರೆಯೇ ಎಂದು. ಬೇಬಿ ಹೇಳುತ್ತ ಹೋದಳು, ದೀಪಾಲಿ ಬರೆಯುತ್ತ ಹೋದಳು. ಆ ನಾಲ್ಕನೆಯ ಅಂಕಣದುದ್ದಕ್ಕೂ ಒಂದೇ ಉತ್ತರ, ಇದ್ದಾರೆ, ಇದ್ದಾರೆ, ಇದ್ದಾರೆ. ಮೊದಲೆಲ್ಲ ವಾರಕ್ಕೆ ಎರಡೋ ಮೂರೋ ಸೀರೆ ತರುತ್ತಿದ್ದವಳು ಈಗ ದಿನಕ್ಕೊಂದು ಗಂಟು ತರತೊಡಗಿದಾಗ, ನಾಗಪುರದ ಮುದುಕಿಯರೆಲ್ಲ ಒಮ್ಮೆಲೇ ಇಷ್ಟು ಉದಾರಿಗಳಾದದ್ದು ಹೇಗೆಂದು ನಾವು ಯಾರೂ ಕೇಳಲಿಲ್ಲ.

ಒಂದು ಸೋಮವಾರ ದೀಪಾಲಿ ಫೋನಿನಲ್ಲಿ ನನಗೊಂದು ಚಿತ್ರ ತೋರಿಸಿದಳು. ಇಲ್ಲಿಯ ವಾಯುಸೇನೆಯಲ್ಲಿರುವ ಉದಯ್ ಎಂಬ ಕನ್ನಡದ ಹುಡುಗನ ಹೆಂಡತಿ ಲಾಸ್ಯ ಕಳಿಸಿದ್ದು. ತಿಂಗಳು ತುಂಬುವ ಮೊದಲೇ ಹುಟ್ಟಿ, ಇಪ್ಪತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಈಗಷ್ಟೇ ಮನೆಗೆ ಬಂದ ಹೆಣ್ಣುಕೂಸು. ಮೈಯೆಲ್ಲ ನರಗಳ ನೀಲಿ, ಮುಷ್ಟಿ ನೆಲ್ಲಿಕಾಯಿಯಷ್ಟು. ಮೈಮೇಲೆ ಕಲ್ಲವ್ವ ಹೊಲಿದ ಎಳೆಹಸಿರು ಅಂಗಿ. ಅಂಗಿಯ ಎದೆಯ ಮೇಲೆ ನಾಲ್ಕೆಸಳಿನ ಒಂದು ಹೂವು, ಮೂರೆಸಳು ಕೆಂಪು, ಒಂದು ಹಳದಿ. ಸೀರೆಯಲ್ಲಿ ಮೊದಲೇ ಇದ್ದ ಹೂವು, ಅತ್ತೆಗೆ ಬಹಳ ಹಿಡಿಸಿ ಸರಿಯಾಗಿ ಎದೆಗೇ ಬರುವಂತೆ ಕತ್ತರಿಸಿದರು ಎಂದಳು ದೀಪಾಲಿ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಆ ಹೂವು ನನಗೆ ಗೊತ್ತು. ಇಸ್ತ್ರಿಯಿಂದ ಸುಟ್ಟ ತೂತನ್ನು ಮುಚ್ಚಲು ಜಯಾ ಕಸೂತಿ ಹಾಕಿದ್ದು. ಮೂರೆಸಳಿಗೆ ಕೆಂಪು ದಾರ ಮುಗಿಯಿತು, ಅಂಗಡಿ ತೆರೆಯುವ ತನಕ ಕಾಯುವ ಹೆಂಗಸಲ್ಲ ಅವಳು, ನಾಲ್ಕನೆಯದನ್ನು ಹಳದಿಯಲ್ಲೇ ಮುಗಿಸಿದಳು. ಅವಳು ತೀರಿ ಒಂದೂವರೆ ವರ್ಷ. ಈಚೆಗೆ ಪುಣೆಯಿಂದ ಬಂದಿದ್ದ ಮಗಳು ಅಮಿತಾ, ತಾಯಿಯ ಒಂಬತ್ತು ನೂಲಿನ ಸೀರೆಗಳನ್ನು ಬಾಗಿಲಿಗೆ ಬಂದ ಪಾತ್ರೆಯವಳಿಗೆ ಕೊಟ್ಟಳು. ಕಪಾಟು ತೆರೆದಾಗಲೆಲ್ಲ ಆ ವಾಸನೆ ತಾಳಲಾರದೆ, ಕೊಟ್ಟುಬಿಡು ಎಂದವನು ನಾನೇ.

ಕೂಡಲೇ ಹೇಳಬೇಕಿತ್ತು. ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಂತೆ, ಯಾರಾದರೂ ಸೀರೆ ಎಂದರೆ ಸಾಕು ಮಾತು ಮರೆಸುತ್ತ ನಾಲ್ಕು ದಿನ ಕಳೆದೆ. ನನಗೆ ಇಂಥ ನಂಬಿಕೆಗಳಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಒಗೆದು ಕುದಿಸಿದ ಬಟ್ಟೆಗೆ ಸೂತಕವೆಲ್ಲಿಯದು ಎಂದು ವಾದಿಸಿಕೊಂಡೆ. ಹೇಳಿದರೆ ನಾಲ್ವರ ಕೆಲಸ ಹೋಗುತ್ತದೆ ಎಂಬ ಧರ್ಮಸೂಕ್ಷ್ಮವನ್ನೂ ಕಂಡುಕೊಂಡೆ. ಅಸಲು ಸಂಗತಿಯೆಂದರೆ, ಆ ಹೆದರುಪುಕ್ಕಿಯ ಮುಖ ಬಿಳಿಚಿಕೊಳ್ಳುವುದನ್ನು ಎದುರು ನಿಂತು ನೋಡಲು ನನಗೆ ಭಯವಾಗಿತ್ತು. ಜೊತೆಗೆ, ಹೆಂಡತಿಯ ಸೀರೆ ಪಾತ್ರೆಗೆ ಮಾರಿದವನು ಎನ್ನಿಸಿಕೊಳ್ಳಲು ನಾಚಿಕೆ.

ಶುಕ್ರವಾರ ಬೆಳಿಗ್ಗೆ ಕಲ್ಲವ್ವ ನನ್ನನ್ನು ಕರೆಸಿ, ಗಗನನಿಗೆ ಕಳಿಸುವ ಒಪ್ಪಿಗೆ ಪತ್ರ ಬರೆಯಲು ಕೂರಿಸಿದಳು. ಈ ಎಲ್ಲ ಸೀರೆಗಳನ್ನು ಉಟ್ಟವರು ಬದುಕಿದ್ದಾರೆ, ಇದು ನನ್ನ ಮಾತು, ಎಂಬ ಒಂದು ಸಾಲು ದಪ್ಪಕ್ಷರದಲ್ಲಿ ಬರಬೇಕು ಎಂದಳು. ಪೆನ್ನು ಕಾಗದಕ್ಕೆ ಊರಿದೆ. ಮುಂದೆ ಹೋಗಲಿಲ್ಲ. ತಲೆಯೆತ್ತದೆಯೇ ಹೂವಿನ ಸಂಗತಿ ಹೇಳಿದೆ.

ಆಕೆ ಚೀರಲಿಲ್ಲ. ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಗುರಿ ತಪ್ಪಿ ಕೋಟು ಎರಡು ಸಲ ಕೆಳಗೆ ಬಿತ್ತು. ನಾಲ್ವರು ಹೆಂಗಸರೂ ಮಶೀನು ನಿಲ್ಲಿಸಿದರು. ಅಷ್ಟರಲ್ಲಿ ಗಂಟಿನೊಂದಿಗೆ ಮೆಟ್ಟಿಲೇರಿ ಬಂದ ಬೇಬಿಗೆ ಎಲ್ಲರ ಮುಖ ನೋಡಿಯೇ ಅರ್ಥವಾಯಿತು. ಅವಳು ಅಳಲೂ ಇಲ್ಲ, ಕ್ಷಮೆ ಕೇಳಲೂ ಇಲ್ಲ. ಗಂಟು ಇಳಿಸಿ, ಬೆವರು ಒರೆಸಿಕೊಂಡು, ತನ್ನ ವ್ಯಾಪಾರದ ಸತ್ಯವನ್ನು ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: “ಬದುಕಿರೋ ಹೆಂಗಸು ಕೊಡೋದು ಸಿಂಥೆಟಿಕ್ ಸೀರೆ, ಆಯೀ. ಮೆತ್ತಗಾದ ನೂಲಿನ ಸೀರೆ ಆಕೆ ತನಗೇ ಇಟ್ಕೋತಾಳೆ. ಅದು ಮನೆಯಿಂದ ಹೊರಗೆ ಬರೋದು ಆಕೆ ಹೋದ ಮೇಲೇನೇ. ನೀವು ಇದ್ದಾಳಾ ಅಂತ ಕೇಳ್ತಿದ್ರಿ, ಇಲ್ಲ ಅಂದ್ರೆ ತಗೊಳ್ತಿರಲಿಲ್ಲ. ನಾನೇನು ಹೇಳಬೇಕಿತ್ತು?”

ಎಷ್ಟೋ ವರ್ಷ ಕೇಳಿದ ಪ್ರಶ್ನೆಗೆ ಕೊನೆಗೆ ಬಂದ ನಿಜವಾದ ಉತ್ತರ ಅದು. ದೀಪಾಲಿ ಮೊದಲು ಎಚ್ಚೆತ್ತಳು. ಕೊಟ್ಟಾಗಿದೆ, ತೊಡಿಸಿಯೂ ಆಗಿದೆ, ಗೊತ್ತಿರುವವರು ಈ ಕೋಣೆಯೊಳಗೇ ಇದ್ದಾರೆ. ಸುಮ್ಮನಿದ್ದರೆ ಯಾರಿಗೂ ನೋವಿಲ್ಲ, ಹೇಳಿದರೆ ಆ ಬಾಣಂತಿಗೂ ದಿಗಿಲು, ನಮಗೂ ಬಾಗಿಲು ಬಂದ್ ಎಂದು ಬೇಡಿಕೊಂಡಳು. ಮಾತಿನಲ್ಲಿ ತಪ್ಪೇನಿರಲಿಲ್ಲ, ನಾಲ್ಕು ದಿನದಿಂದ ನಾನೂ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಕಲ್ಲವ್ವ ಚಪ್ಪಲಿ ಮೆಟ್ಟುತ್ತಿದ್ದಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಆಟೋದಲ್ಲಿ ಇಡೀ ದಾರಿ ಆಕೆ ನನ್ನ ತೋಳು ಬಿಡಲಿಲ್ಲ. ಕ್ವಾರ್ಟರ್ಸ್ ಸಿಗುವ ತನಕ ಲಾಸ್ಯ ವಾಯುಸೇನೆಯ ಗೇಟಿನ ಹೊರಗೆ ಒಂದು ಬಾಡಿಗೆ ಮನೆಯಲ್ಲಿದ್ದಳು, ಎರಡನೆಯ ಮಹಡಿ. ಹತ್ತಿ ನೋಡಿದರೆ ಬಾಗಿಲಿಗೆ ಬೀಗ. ಎದುರು ಮನೆಯವರು ಹೊರಗೆ ಬಂದು, ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು, ಒಂದು ಗಂಟೆಯಾಯಿತು ಎಂದರು. ಏಕೆಂದು ಅವರಿಗೂ ಗೊತ್ತಿಲ್ಲ. ಕಲ್ಲವ್ವ ಕುಸಿದು ಮೆಟ್ಟಿಲ ಮೇಲೆ ಕುಳಿತಳು. ದೀಪಾಲಿ ಕೊಟ್ಟ ನಂಬರಿಗೆ ಮೂರು ಸಲ ಫೋನು ಮಾಡಿದೆ, ಎತ್ತಲಿಲ್ಲ. ಆ ಮೆಟ್ಟಿಲ ಮೇಲೆ ನಾವು ಎಷ್ಟು ಹೊತ್ತು ಕುಳಿತೆವೋ, ಗಡಿಯಾರದ ಪ್ರಕಾರ ಮುಕ್ಕಾಲು ಗಂಟೆ. ಕೆಳಗೆ ಯಾವ ಗಾಡಿ ನಿಂತರೂ ಆಕೆ ಎದ್ದು ಕಂಬಿ ಹಿಡಿಯುವಳು, ಮತ್ತೆ ಕೂರುವಳು. ನಾನು ಏನೇನೋ ಹೇಳಿ ಧೈರ್ಯ ತುಂಬಲು ನೋಡಿದೆ, ನನ್ನ ದನಿಯೇ ನನಗೆ ಸುಳ್ಳಾಗಿ ಕೇಳಿಸಿತು. ಯಾವ ನಂಬಿಕೆಯೂ ಇಲ್ಲವೆಂದು ಕೊಚ್ಚಿಕೊಳ್ಳುತ್ತಿದ್ದ ನಾನು, ಜಯಾ, ಆ ಕೂಸಿನ ತಂಟೆಗೆ ಹೋಗಬೇಡ ಮಾರಾಯ್ತಿ, ಎಂದು ಮನಸ್ಸಿನಲ್ಲಿಯೇ ಬೇಡಿಕೊಂಡೆ. ಜನ್ಮದಲ್ಲಿ ಯಾರಿಗೂ ಕೆಡುಕು ಬಯಸದ ಹೆಂಡತಿಯನ್ನು ಹಾಗೆ ಬೇಡಿಕೊಂಡದ್ದಕ್ಕೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಲಾಸ್ಯ ಬಂದಳು. ಹೆಗಲ ಮೇಲೆ ಕೂಸು, ಕೂಸಿನ ಮೈಮೇಲೆ ಅದೇ ಹಸಿರು ಅಂಗಿ. ತೂಕ ನೋಡಿಸುವ ದಿನವಂತೆ, ಅಷ್ಟೇ; ನೂರು ಗ್ರಾಂ ಏರಿದೆ ಎಂದು ನಗುತ್ತಲೇ ಬೀಗ ತೆಗೆದಳು. ಈಗ ಹಿಂತಿರುಗಬಹುದಿತ್ತು. ಈ ಕಡೆ ಬಂದಿದ್ದೆವು, ನೋಡಿ ಹೋಗೋಣವೆಂದು ಬಂದೆವು ಎಂದರೆ ಮುಗಿಯುತ್ತಿತ್ತು, ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ. ಕಲ್ಲವ್ವ ಒಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೇ ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬೇಬಿಯ ಹೆಸರೆತ್ತದೆ, ನನ್ನ ಹೆಸರೆತ್ತದೆ, ಈ ಅಂಗಿ ತೀರಿಹೋದವರ ಸೀರೆಯದು, ನಾನು ಸರಿಯಾಗಿ ವಿಚಾರಿಸಲಿಲ್ಲ, ತಪ್ಪು ನನ್ನದು ಎಂದಳು.

ಲಾಸ್ಯಳ ನಗು ಒಮ್ಮೆಲೇ ಆರಿತು. ಕೂಸನ್ನು ಹಾಸಿಗೆಯ ಮೇಲೆ ಮಲಗಿಸಿ, ಅಂಗಿ ಬಿಚ್ಚಿ, ಅದನ್ನು ತುದಿಬೆರಳಲ್ಲಿ ಹಿಡಿದು ಬಾಗಿಲಿಗೆ ತಂದಳು. ಮೈಸೂರಿನ ಮೆತ್ತನೆಯ ಮಾತಿನ ಹುಡುಗಿ. ಸಿಟ್ಟಿನಲ್ಲೂ ದನಿ ಏರಲಿಲ್ಲ. “ಇಪ್ಪತ್ತು ದಿನ ನಾನು ಉಸಿರು ಬಿಗಿಹಿಡ್ಕೊಂಡಿದ್ದೆ. ಈಗ ತಾನೇ ಬಿಟ್ಟಿದ್ದೆ. ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಯಾಕೆ ಬಂದು ಹೇಳಿದ್ರಿ?”

“ನನಗ ಗೊತ್ತಾತಲ್ಲ, ಯವ್ವಾ,” ಅಂದಳು ಕಲ್ಲವ್ವ.

ಬಾಗಿಲು ಮುಚ್ಚಿತು. ಮೆಟ್ಟಿಲಿಳಿದು ಬಂದ ಮೇಲೆ ಆಕೆ ಅಂಗಿಯನ್ನು ನನ್ನ ಕೈಗಿಟ್ಟಳು. ನಾನದನ್ನು ಜೇಬಿನಲ್ಲಿಟ್ಟುಕೊಂಡು, ಒಬ್ಬ ಮುದುಕ ಮುಖ್ಯರಸ್ತೆಯ ಮೇಲೆ ಅಳಬಾರದೆಂಬ ಒಂದೇ ಕಾರಣಕ್ಕೆ ಆಟೋ ಹುಡುಕತೊಡಗಿದೆ.

ಆಕೆ ಅಲ್ಲಿಗೇ ನಿಲ್ಲಿಸಲಿಲ್ಲ. ಅಂಗಿ ಕೊಂಡವರಲ್ಲಿ ನಂಬರು ಸಿಕ್ಕ ಎಲ್ಲ ಮನೆಗಳಿಗೂ ದೀಪಾಲಿಯಿಂದ ಫೋನು ಹಚ್ಚಿಸಿ ತಾನೇ ಮಾತಾಡಿದಳು; ಪ್ರತಿ ಸಲ ಕರೆ ಹೋಗುವಾಗಲೂ ಬಾಗಿಲ ಚಿಲಕ ಹಿಡಿದು ನಿಲ್ಲುತ್ತಿದ್ದಳು. ಕೆಲವರು ನಕ್ಕರು, ಹಲವರು ಬೈದರು, ಹನ್ನೊಂದು ಅಂಗಿಗಳು ಹಿಂದಕ್ಕೆ ಬಂದವು. ಗಗನನಿಗೂ ಇದ್ದದ್ದನ್ನು ಇದ್ದಂತೆ ಬರೆಸಿದಳು. ಅವನು ಒಳ್ಳೆಯ ಹುಡುಗ, ಸಿಟ್ಟಾಗಲಿಲ್ಲ; ಸೀರೆಯ ಗೋಜೇ ಬೇಡ, ಗಿರಣಿಯಲ್ಲಿ ಔಷಧಿ ಹಾಕಿ ತೊಳೆದು ಹಳೆಯದರಂತೆ ಮೆತ್ತಗಾಗಿಸಿದ ಹೊಸ ಬಟ್ಟೆಯನ್ನು ತಾನೇ ಕಳಿಸುತ್ತೇನೆ, ಅದರ ಮೇಲೆ ಅಜ್ಜಿಯ ಸೀರೆಯ ಅಂಚಿನ ಅಚ್ಚು ಇರುತ್ತದೆ, ನೀವು ಹೊಲಿದು ಕೊಟ್ಟರಾಯಿತು ಎಂದ. ನಾಲ್ವರು ಹೆಂಗಸರ ಕಣ್ಣುಗಳೂ ಕಲ್ಲವ್ವನ ಮೇಲೆ ನೆಟ್ಟವು. ಆಕೆ ಆ ಬಟ್ಟೆಯ ತುಣುಕನ್ನು ರೆಪ್ಪೆಗೆ ಒತ್ತಿ ನೋಡಿದಳು. ಮೆತ್ತಗೇ ಇತ್ತು. ಯಾವ ಗಿರಣಿ, ಯಾವ ಔಷಧಿ, ನೂಲು ಯಾರ ಕೈಯದು, ಆ ಕೈಗೆ ವಯಸ್ಸೆಷ್ಟು ಎಂದು ಕೇಳಿದಳು. ಗಗನ್ ವಿಚಾರಿಸಿ ಹೇಳುತ್ತೇನೆ ಎಂದ; ಪಾಪ, ಅವನಿಗೂ ಒಬ್ಬಳು ಬೇಬಿ ಇದ್ದಿರಬೇಕು, ಉತ್ತರ ಬರಲೇ ಇಲ್ಲ. ಬೇಡಿಕೆ ಕೈತಪ್ಪಿತು. ಇಬ್ಬರು ಹೆಂಗಸರು ಬೇರೆ ಕಾರ್ಖಾನೆಗೆ ಹೋದರು. ಕಲ್ಲವ್ವನ ಹೆದರಿಕೆಗೆ ಬೆಲೆ ತೆತ್ತವರು ಅವರು, ತಮ್ಮದಲ್ಲದ ತಪ್ಪಿಗೆ ತೆತ್ತವರು. ಅದನ್ನು ಮುಚ್ಚಿಟ್ಟು ಕಲ್ಲವ್ವನನ್ನು ಹೊಗಳಿದರೆ ನಾನು ಇನ್ನೊಂದು ಸುಳ್ಳು ವಹಿ ಬರೆದಂತಾಗುತ್ತದೆ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಲಾಸ್ಯ ಕೂಸನ್ನೆತ್ತಿಕೊಂಡು ಮಾಳಿಗೆ ಹತ್ತಿ ಬಂದಳು. ಸಂಧಾನಕ್ಕಲ್ಲ, ಸಂಕಟಕ್ಕೆ. ಅಂಗಡಿಯಿಂದ ತಂದ ಯಾವ ಬಟ್ಟೆಯೂ ಕೂಸಿನ ಮೈಗೆ ಆಗಿಬರುತ್ತಿರಲಿಲ್ಲ, ಕುತ್ತಿಗೆಯ ಸುತ್ತ ಕೆಂಪು ದದ್ದು, ದಿನವಿಡೀ ಅಳು. ಅವಳ ತಾಯಿಯ ಮನೆಯಲ್ಲಿ ಎಲ್ಲರೂ ಚೂಡಿದಾರದವರು. ಅವಳು ಕುಳಿತುಕೊಳ್ಳದೆಯೇ ಹೇಳಿದಳು: “ನಿಮ್ಮದೇ ಒಂದು ಸೀರೆ ಕೊಡಿ. ನೀವು ಕಣ್ಣೆದುರಿಗೆ ಇದ್ದೀರಲ್ಲ.”

ಕಲ್ಲವ್ವ ಗೋಡೆಗೆ ಆತುಕೊಂಡಳು. ತಾನು ಗಂಡನಿಲ್ಲದವಳು ಎಂದಳು, ಸಕ್ಕರೆ ಕಾಯಿಲೆಯವಳು ಎಂದಳು, ಅರವತ್ತೊಂದು ಎಂದಳು, ನಾಳೆ ಏನಾದರೂ ಆದರೆ ಎಂದಳು. ಲಾಸ್ಯ ಅದೊಂದಕ್ಕೂ ಉತ್ತರಿಸದೆ ಕೂಸನ್ನು ಆಕೆಯ ಕೈಗೆ ಕೊಟ್ಟುಬಿಟ್ಟಳು. ನಾನು ನೋಡುತ್ತಿದ್ದೆ. ಕಲ್ಲವ್ವನ ಮೈಯೆಲ್ಲ ನಡುಗುತ್ತಿತ್ತು, ಕೂಸನ್ನು ಹಿಡಿದ ಕೈಗಳು ಮಾತ್ರ ಅಲುಗಲಿಲ್ಲ. ಅಂದೇ ಕಪಾಟಿನ ತಳದಿಂದ, ತಾನು ಇಪ್ಪತ್ತು ವರ್ಷ ಉಟ್ಟ ಒಂದು ಸೀರೆ ತೆಗೆದು ಆರು ಅಂಗಿ ಹೊಲಿದು ಕೊಟ್ಟಳು.

ಈಗ ಆಕೆ ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾಳೆ, ಹೋಳಿಗೆ ಮುಟ್ಟುವುದಿಲ್ಲ, ಗಲ್ಲಿಯಲ್ಲಿ ಸ್ಕೂಟರಿನ ಸದ್ದು ಕೇಳಿದರೆ ಗೋಡೆಯೊಳಕ್ಕೇ ಹೊಕ್ಕುಬಿಡುವಂತೆ ಸರಿಯುತ್ತಾಳೆ. ಮೊನ್ನೆ ರಸ್ತೆ ದಾಟಿಸುವಾಗ ನನ್ನ ತೋಳು ಬಿಗಿಹಿಡಿದು ಅಂದಳು: “ಎಲ್ಲಾದಕ್ಕೂ ಹೆದರತಿದ್ದೆ, ಸಾಯಾಕ ಮಾತ್ರ ಹೆದರಿಕಿ ಇರಲಿಲ್ಲರಿ. ಈಗ ಅದೂ ಬಂತು. ಆ ಕೂಸು ಎದ್ದು ನಡೆಯೋ ಮಟಾ ನಾ ಸಾಯೂ ಹಂಗಿಲ್ಲ.”

ಧೈರ್ಯವಂತರೆಂದು ಹೆಸರಾದ ನಮ್ಮಂಥವರು ಬಹುಪಾಲು ವಿಚಾರಿಸದೆ ಇರುವವರು. ಎಲ್ಲಿಂದ ಬಂತು, ಯಾರದಿತ್ತು, ಯಾರಿಗೆ ತಾಗಿತು ಎಂದು ಕೇಳದೆ ಉಟ್ಟು, ಉಂಡು, ಸುಖವಾಗಿ ನಿದ್ದೆ ಮಾಡುವವರು. ಕೇಳಬೇಕಾದ ಹೊತ್ತು ಬಂದಾಗ ನಮ್ಮ ಮರ್ಯಾದೆಗೆ ಹೆದರಿ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿರುವವರು. ಪುಕ್ಕಲರೆಂದು ನಾವು ನಕ್ಕು ಬಿಡುವ ಜನರ ನಡುವೆ, ಇನ್ನೊಬ್ಬರ ಮೈಗೆ ಏನಾದೀತೋ ಎಂದು ನಡುಗುತ್ತಲೇ ಎದ್ದು ಹೊರಡುವ ಕೆಲವರಿರುತ್ತಾರೆ. ಅವರಿಗೆ ಸಮಾಧಾನವೆಂಬುದಿಲ್ಲ, ಅವರ ಜೊತೆಗಿದ್ದವರಿಗೂ ಇಲ್ಲ, ಅವರಿಂದ ವ್ಯಾಪಾರವೂ ದಡ ಹತ್ತುವುದಿಲ್ಲ. ಆದರೆ ಅಂಥವರೊಬ್ಬರು ಎಲ್ಲೋ ಎಚ್ಚರವಾಗಿ ಹೆದರುತ್ತಿರುವ ತನಕ, ಯಾವುದೋ ಒಂದು ಕೂಸು ಏನೂ ತಿಳಿಯದೆ, ಮುಷ್ಟಿ ಬಿಚ್ಚಿ, ಕಣ್ತುಂಬ ನಿದ್ದೆ ಮಾಡುತ್ತಿರುತ್ತದೆ.